ಅದೇ ವೈರು

ಇಲ್ಲ ಸ್ವಾಮಿ, ಹಳೇದೂ ಹೊಸದೂ ಒಟ್ಟಿಗೆ ಇಟ್ಕೋಬಹುದಾ ಅಂತ ನನ್ನ ಕೇಳ್ಬೇಡಿ. ನಾನು ಇಟ್ಕೊಂಡಿದ್ದೆ. ಹನ್ನೊಂದು ನಿಮಿಷ.

ಹಳೇ ಕಾಲದ, ಗಾಜಿನ ವಾಲ್ವ್ ಉರಿಯೋ ಆಂಪ್ಲಿಫೈಯರ್ ಕೆಲಸ ನನಗೆ ಕಲಿಸಿದ್ದು ವಿರೂಪಣ್ಣ ಮೇಷ್ಟ್ರು. ಹೊಳೆ ದಂಡೇಲಿ ಅವರದ್ದೊಂದು ಕೋಣೆ, ಒಂದು ಬೆಂಚು, ಗೋಡೆ ತುಂಬಾ ಸತ್ತ ರೇಡಿಯೋಗಳು. ಎರಡು ವರ್ಷ ಭಾನುವಾರ ಭಾನುವಾರ ಹೋದೆ. ಮೊದಲ ಆರು ತಿಂಗಳು ಕಲಿಸಿದ್ದು ಧೂಳು ಒರೆಸೋದು.

ಕೊನೆಗೊಂದಿನ ಒಂದು ಆಂಪ್ಲಿಫೈಯರ್ ನನ್ನ ಮುಂದೆ ಇಟ್ರು.

"ತಗೊಂಡು ಹೋಗು. ಇದರ ಟ್ರಾನ್ಸ್‌ಫಾರ್ಮರ್ ನಾನೇ ಕೈಲಿ ಸುತ್ತಿದ್ದು. ಈಗ ಅಷ್ಟು ಸಣ್ಣ ತಂತಿ ಕಣ್ಣಿಗೆ ಕಾಣಲ್ಲ, ಇನ್ನೊಂದು ಸುತ್ತಕ್ಕಾಗಲ್ಲ. ಇದು ಸುಟ್ರೆ ಮುಗೀತು."

"ಮನೇಲಿ ಆಗ್ಲೇ ಅಂಗಡೀದೊಂದು ಇದೆ ಮೇಷ್ಟ್ರೇ. ಬೆಳಿಗ್ಗೆ ಎದ್ರೆ ನಮ್ಮ ಅನಸೂಯ ಅದರಲ್ಲೇ ದೇವರನಾಮ ಕೇಳೋದು. ಸ್ಪೀಕರ್ ಇರೋದು ಒಂದೇ ಜೊತೆ. ಎರಡನ್ನೂ ಹೆಂಗೆ ಸೇರಿಸ್ಲಿ?"

ಅಳತೆ ತೋರಿಸೋಣ ಅಂತ ಮನೆ ಸ್ಪೀಕರ್ ವೈರು ಬಿಚ್ಕೊಂಡು ಹೋಗಿದ್ದೆ. ಮೇಷ್ಟ್ರು ಅದನ್ನ ತಗೊಂಡ್ರು. ತುದಿ ಕೆರೆದು, ತಾಮ್ರ ಹೊಸೆದು, ವಾಪಸ್ ನನ್ನ ಕೈಗಿಟ್ರು.

"ಇದೇ ಸಾಕು."

"ಹೊಸದಕ್ಕೆ ಬೇರೆ ವೈರು ಬೇಡ್ವಾ?"

"ಇದೇ ಸಾಕು ಅಂದೆನಲ್ಲ."

ಮೇಷ್ಟ್ರ ಕೈ ಬಿಗಿ ಅಂದ್ಕೊಂಡೆ. ಬರ್ತಾ ದಾರೀಲಿ ನಾನೇ ಇನ್ನೊಂದು ಸುರುಳಿ ವೈರು ತಗೊಂಡೆ.

ಮುಂದಿನ ಭಾನುವಾರ ಮೇಷ್ಟ್ರು ಕೇಳಕ್ಕೆ ಅಂತ ಮನೆಗೇ ಬಂದ್ರು. ಎರಡೂ ಆಂಪ್ಲಿಫೈಯರ್ ಹಚ್ಚಿಟ್ಟಿದ್ದೆ. ವಾಲ್ವು ಕೆಂಪಗೆ ಉರಿಯೋದು ಚೆನ್ನಾಗಿ ಕಾಣ್ಲಿ ಅಂತ ಹಿಂದಿನ ಮುಚ್ಚಳ ಬೇರೆ ತೆಗೆದಿದ್ದೆ. ಹಾಡೇನೋ ಬರ್ತಿತ್ತು, ಬಾಯಲ್ಲಿ ಅನ್ನ ಇಟ್ಕೊಂಡು ಹಾಡ್ದಂಗೆ.

ಮೇಷ್ಟ್ರು ವಾಲ್ವು ನೋಡ್ಲಿಲ್ಲ. ಸ್ಪೀಕರ್ ಹಿಂದೆ ಬಗ್ಗಿ ನೋಡಿದ್ರು.

"ಒಂದು ಸ್ಪೀಕರ್‌ಗೆ ನಾಲ್ಕು ಬಾಲ ಯಾಕಯ್ಯ?"

"ಎರಡು ಇದರದ್ದು, ಎರಡು ಅದರದ್ದು."

"ಎರಡೂ ಆನ್ ಇದೆಯಾ?"

"ಹೂಂ."

"ಎಷ್ಟು ಹೊತ್ತಾಯ್ತು?"

"ಹತ್ತು ನಿಮಿಷ."

ಅವರ ದನಿ ತಗ್ಗಿದ್ದು ಆಗ ಗೊತ್ತಾಯ್ತು. ಎಲ್ಲಿಂದಲೋ ವಾರ್ನಿಶ್ ಸುಟ್ಟಂಗೆ ವಾಸನೆ.

"ಬಿಚ್ಚಿಬಿಡ್ತೀನಿ" ಅಂತ ಮುಚ್ಚಳ ಇಲ್ಲದ ಕಡೆಯಿಂದ ಕೈ ಹಾಕಿದೆ.

ಮೇಷ್ಟ್ರು ನನ್ನ ಮಣಿಕಟ್ಟು ಹಿಡಿದ್ರು. ಎಪ್ಪತ್ತೆಂಟು ವರ್ಷದ ಕೈ, ಇಕ್ಕಳ ಇದ್ದಂಗಿತ್ತು.

"ಅಮ್ಮಾ, ಗೋಡೆ ಸ್ವಿಚ್ ಆರ್ಸಿ."

ಅನಸೂಯ ಆರಿಸಿದ್ಲು. ಹಾಡು ನಿಂತು, ವಾಲ್ವಿನ ಕೆಂಪು ನಿಧಾನಕ್ಕೆ ಇಳೀತು.

"ಟ್ರಾನ್ಸ್‌ಫಾರ್ಮರ್ ನೋಡ್ಲಾ ಮೇಷ್ಟ್ರೇ?"

"ಕೂತ್ಕೋ. ಆರಿಸಿದ್ರೂ ಒಳಗೆ ನಾನೂರು ವೋಲ್ಟ್ ಕೂತಿರುತ್ತೆ. ಅದು ಎದ್ದು ಹೋಗೋವರೆಗೂ ನಾವು ಕೂರಬೇಕು."

ಇಬ್ರೂ ನೆಲದ ಮೇಲೆ ಪಕ್ಕಪಕ್ಕ ಕೂತ್ವಿ. ವಾಸನೆ ಹೋಗ್ಲಿಲ್ಲ. ನನ್ನ ಕಣ್ಣು ಆ ಕರೀ ಟ್ರಾನ್ಸ್‌ಫಾರ್ಮರ್ ಮೇಲೇ ಇತ್ತು.

"ಸುಟ್ಟಿರೋದು ಅದೇನಾ?"

"ಗೊತ್ತಿಲ್ಲ."

"ಅದೇ ಆಗಿದ್ರೆ?"

"ಅದೇ ಆಗಿರುತ್ತೆ."

ಅನಸೂಯ ಕಾಫಿ ತಂದ್ಲು. ನಾನು ಕುಡಿದೆ, ಸಕ್ಕರೆ ಇತ್ತೋ ಇಲ್ವೋ ಗೊತ್ತಾಗ್ಲಿಲ್ಲ. ಮೇಷ್ಟ್ರದ್ದು ಹಂಗೇ ಆರಿಹೋಯ್ತು.

"ಈಗ ನೋಡೋಣ್ವಾ?"

"ಕೂತ್ಕೋ."

ಅರ್ಧ ಗಂಟೆ ಆದ್ಮೇಲೆ ಮೇಷ್ಟ್ರು ಎದ್ದು ಮೀಟರ್ ತಗೊಂಡ್ರು. ಒಳಗೇನೂ ಉಳಿದಿಲ್ಲ ಅಂತ ಮೊದಲು ನೋಡ್ಕೊಂಡು, ಆಮೇಲೆ ಟ್ರಾನ್ಸ್‌ಫಾರ್ಮರ್‌ಗೆ ಹಿಡಿದ್ರು. ಮುಳ್ಳು ಸ್ವಲ್ಪ ಹೊತ್ತು ಯೋಚ್ನೆ ಮಾಡ್ತು. ಎದ್ದಿತು.

"ಬದುಕಿದೆ."

"ಹಾಗಾದ್ರೆ ವಾಸನೆ ಯಾವುದರದ್ದು?"

ಮೇಷ್ಟ್ರು ಗದ್ದ ಎತ್ತಿ ಅಂಗಡೀದನ್ನ ತೋರಿಸಿದ್ರು. "ಇದರ ಕರೆಂಟು ಸ್ಪೀಕರ್ ವೈರಲ್ಲೇ ಅದರೊಳಗೆ ನುಗ್ಗಿದೆ." ಅನಸೂಯ ನನ್ನ ನೋಡಿದ್ಲು. ನಾನು ಫ್ಯಾನ್ ನೋಡಿದೆ.

ನಾನು ಸೇರಿಸಿದ್ದ ವೈರು ಬಿಚ್ಚಿ, ಸುರುಳಿ ಸುತ್ತಿ, ಮೇಷ್ಟ್ರು ನನ್ನ ತೊಡೆ ಮೇಲಿಟ್ರು. ಮೊದಲಿನ ವೈರನ್ನೇ ವಾಲ್ವ್ ಆಂಪ್ಲಿಫೈಯರ್‌ಗೆ ಹಾಕಿದ್ರು. ಮುಚ್ಚಳ ಬಿಗಿದ್ರು.

"ಅಂಗಡೀದು ರಿಪೇರಿ ಆಗಿ ಬಂದ್ಮೇಲೆ? ದಿನಾ ಇದನ್ನ ಬಿಚ್ಚಿ ಅದಕ್ಕೆ ಹಾಕ್ತಾ ಕೂರ್ಲಾ?"

"ಒಬ್ಬರು ಉಂಡ ಎಲೆ ಎತ್ತದೆ, ಅದೇ ಜಾಗದಲ್ಲಿ ಇನ್ನೊಬ್ಬರನ್ನ ಊಟಕ್ಕೆ ಕೂರಿಸ್ತಾರೇನಯ್ಯ?"

ಮೇಷ್ಟ್ರನ್ನ ಬಸ್ ಹತ್ತಿಸಿ ಮನೆಗೆ ಬಂದೆ. ಅನಸೂಯ ಲೋಟ ಎತ್ತುತ್ತಿದ್ಲು.

"ಸದ್ಯ, ಟ್ರಾನ್ಸ್‌ಫಾರ್ಮರ್ ಉಳೀತು" ಅಂದೆ. "ಪಾಪ, ಅರ್ಧ ಗಂಟೆ ಮೇಷ್ಟ್ರ ಜೀವ ಅದರಲ್ಲೇ ಇತ್ತು."

"ಅದರ ಕಡೆ ಅವರು ತಿರುಗೂ ನೋಡ್ಲಿಲ್ಲ ಕಣ್ರೀ" ಅಂದ್ಲು. "ನೀವು ಕಾಫಿ ಎಡಗೈಲಿ ಕುಡಿದ್ರಲ್ಲ, ಯಾಕೆ ಅಂತ ಗೊತ್ತಾ? ನಿಮ್ಮ ಬಲಗೈನ ಅವರು ಬಿಟ್ಟೇ ಇರ್ಲಿಲ್ಲ."