ಕೊಳಗದೊಳಗಿನ ಅಯ್ಯ

ಹೊಳೆಯ ಈಚೆ ದಡದಲ್ಲಿ ಒಂದು ಮಠ. ಮಠದಲ್ಲಿ ನಿರ್ವಾಣಪ್ಪನೆಂಬ ಗುರು, ಚೆನ್ನವೀರನೆಂಬ ಶಿಷ್ಯ, ಮತ್ತೆ ಅಂಗೈ ತುಂಬುವಷ್ಟು ದೊಡ್ಡ ಕಲ್ಲಿನ ದೇವರು. ದೇವರ ಹೆಸರು ಹೊಳೆಯಯ್ಯ.

ಆ ಸೀಮೆಯನ್ನು ಆಳುತ್ತಿದ್ದ ದೊರೆಯ ವಂಶ ಆ ವರ್ಷ ಮುಗಿದುಹೋಯಿತು. ಇನ್ನು ದೊರೆ ಬೇಡ, ನಮ್ಮನ್ನು ನಾವೇ ಆಳಿಕೊಳ್ಳೋಣ ಎಂದು ಎರಡೂ ದಡದ ಊರುಗಳು ಒಪ್ಪಿದವು. ಹೊಸ ನಾಡಿನ ಕಟ್ಟಳೆಗಳನ್ನು ಕಲ್ಲಿನಲ್ಲಿ ಕೊರೆಸುವುದೆಂದಾಯಿತು. ಅಕ್ಷರ ಚೆನ್ನಾಗಿ ಬಲ್ಲವನೆಂದು ಬರೆದುಕೊಡುವ ಕೆಲಸ ಚೆನ್ನವೀರನ ಪಾಲಿಗೆ ಬಂತು.

ಅವನು ಮೊದಲ ಸಾಲು ಬರೆದ: 'ಈ ನಾಡು ಹೊಳೆಯಯ್ಯನದು.'

ಕೆಲಸ ಅಲ್ಲಿಗೇ ನಿಂತಿತು. ಆಚೆ ದಡದ ತುಂಬ ನೇಕಾರರ ಕೇರಿಗಳು. ಅವರು ನಮಾಜು ಮಾಡುವ ಮಂದಿ. ಅವರ ಹಿರಿಯ ದಾವಲಸಾಬ ಸಭೆಯಲ್ಲಿ ಎದ್ದು ನಿಂತು, ಆ ಸಾಲು ಕಲ್ಲಿಗೆ ಏರಿದರೆ ತಾವು ಈ ನಾಡಿನೊಳಗೆ ಇರುವುದಿಲ್ಲ, ಹೊಳೆಯೇ ಗಡಿಯಾಗಲಿ ಎಂದು ಹೇಳಿ ಕೂತುಬಿಟ್ಟ. ಕಲ್ಲುಕುಟಿಗ ನಾಡಿದ್ದು ಬರುವವನಿದ್ದ.

ಚೆನ್ನವೀರನಿಗೆ ಇದು ನುಂಗಲಾರದ ತುತ್ತಾಯಿತು. ಹೊಳೆ ಉಕ್ಕಿ ಮಠ ಮುಳುಗಿದ ವರ್ಷ ಅವನನ್ನು ಮನೆಯಲ್ಲಿಟ್ಟುಕೊಂಡು ರೊಟ್ಟಿ ಹಾಕಿದವನು ಇದೇ ದಾವಲಸಾಬ. ಅವನನ್ನು ಬಿಡಲಾರ, ಬರೆದ ಸಾಲನ್ನೂ ಬಿಡಲಾರ. ಬೆಳಗಾಗುತ್ತಲೇ ಗುರುವಿನ ಮುಂದೆ ಹೋಗಿ ಕೂತ.

"ಅಪ್ಪಾರ, ದೇವರಿಲ್ಲದ ನಾಡು ದೀಪ ಇಲ್ಲದ ಮನಿ ಇದ್ದಂಗ. ಅಯ್ಯನ ಹೆಸರು ಮ್ಯಾಲಿದ್ದರ ಯಾರೂ ಮೋಸ ಮಾಡೂದಿಲ್ಲ. ನನ್ನ ಸಾಲು ತಪ್ಪೇನ್ರಿ?"

"ಮಾಡಿ ನೋಡೂಣಂತ," ಅಂದರು ಗುರು. "ನಾಡು ನಾಳಿಗಾತು. ಇವತ್ತ ಕೊಳಗ ಐತೆಲ್ಲ, ಅಯ್ಯನ್ನ ತಂದು ಅದರಾಗ ಕುಂಡ್ರಿಸು."

ಎರಡೂ ದಡದವರು ಸೇರಿ ಹೊಳೆಗೆ ಒಡ್ಡು ಕಟ್ಟಿದ್ದರು. ಅದರ ಕೂಲಿ ಜೋಳವನ್ನು ಅಂದು ಮಠದ ಕೊಳಗದಿಂದ ಅಳೆದು ಕೊಡಬೇಕಿತ್ತು.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಚೆನ್ನವೀರ ಓಡಿಹೋಗಿ ಹೊಳೆಯಲ್ಲಿ ಮಿಂದು ಬಂದ. ಹೊಳೆಯಯ್ಯನನ್ನು ಗದ್ದುಗೆಯಿಂದ ಇಳಿಸಿ, ಕೊಳಗದ ತಳಕ್ಕೆ ಅರಗು ಹಾಕಿ ಭದ್ರವಾಗಿ ಕೂರಿಸಿದ. ವಿಭೂತಿ ಹಚ್ಚಿದ. ಮೇಲೊಂದು ಹೂವನ್ನೂ ಇಟ್ಟ.

ಹೂವನ್ನು ಗುರು ತೆಗೆದರು. "ಇದು ಬ್ಯಾಡ. ಜಾಗ ಹಿಡಿತೈತಿ."

ಶಿಷ್ಯನಿಗೆ ಆ ಮಾತು ತಮಾಷೆಯೆಂದೂ ತಿಳಿಯಲಿಲ್ಲ, ತಮಾಷೆಯಲ್ಲವೆಂದೂ ತಿಳಿಯಲಿಲ್ಲ.

ಆ ಸೀಮೆಯಲ್ಲಿ ಕಾಳು ಅಳೆಯುವಾಗ ಯಾರೂ 'ಒಂದು' ಅನ್ನುವುದಿಲ್ಲ. ಮೊದಲ ಕೊಳಗಕ್ಕೆ ದೇವರ ಹೆಸರು, ಆಮೇಲೆ ಎರಡು, ಮೂರು. ಚೆನ್ನವೀರ ಗಂಟಲು ಬಿಚ್ಚಿ "ಹೊಳೆಯಯ್ಯಾ" ಎಂದು ಮೊದಲ ಕೊಳಗ ಸುರಿದ. "ಎರಡು" ಎಂದು ಇನ್ನೊಂದು ಸುರಿದ. ಈಚೆ ದಡದವರು ಒಬ್ಬೊಬ್ಬರಾಗಿ ಬಂದು, ಕೊಳಗದೊಳಗಿನ ದೇವರಿಗೆ ಕೈಮುಗಿದು, ಚೀಲ ತುಂಬಿಸಿಕೊಂಡು ಹೋದರು.

ಬಾಳವ್ವನೆಂಬ ಮುದುಕಿಯ ಸರದಿ ಬಂತು. ಹೊಳೆಯಯ್ಯನ ಪೂಜೆಗೆ ದಿನಾ ನೀರು ಹೊತ್ತು ತರುವವಳು ಅವಳೇ. ಅವಳಿಗಿದ್ದಷ್ಟು ಭಕ್ತಿ ಆ ದಡದಲ್ಲಿ ಬೇರೆ ಯಾರಿಗೂ ಇರಲಿಲ್ಲ. ನಿಜ ಹೇಳಬೇಕೆಂದರೆ ಚೆನ್ನವೀರನಿಗೂ ಇರಲಿಲ್ಲ. ಅವಳು ಚೀಲ ಎತ್ತಿ ನೋಡಿದಳು. ಇಳಿಸಿ, ಮತ್ತೆ ಎತ್ತಿ ನೋಡಿದಳು.

"ಯಪ್ಪಾ, ಯಾಕೋ ಚೀಲ ಹಗೂರ ಆದಂಗೈತಿ."

ಚೆನ್ನವೀರನ ಮೈ ಉರಿಯಿತು. "ಬಾಳವ್ವಾ, ಅಯ್ಯ ಕುಂತ ಕೊಳಗ ಇದು. ಅಯ್ಯನ ಮ್ಯಾಲ ಅನುಮಾನ ಏನು?"

ನಿಂತಿದ್ದವರೆಲ್ಲ ಅವಳತ್ತ ತಿರುಗಿದರು. ಮುದುಕಿಯ ಮುಖ ಬಿಳಿಚಿಕೊಂಡಿತು. ಗಲ್ಲ ಗಲ್ಲ ಬಡಿದುಕೊಂಡು, ತಪ್ಪಾಯಿತು ಎಂದು ಕೊಳಗಕ್ಕೆ ಅಡ್ಡಬಿದ್ದು, ಚೀಲ ಹೊತ್ತು ನಡೆದಳು. ಅವಳ ಹಿಂದಿದ್ದವರು ಯಾರೂ ಚೀಲ ಎತ್ತಿ ನೋಡಲಿಲ್ಲ.

ಕೊನೆಗೆ, ಅಷ್ಟು ಹೊತ್ತೂ ನಿಂತು ನೋಡುತ್ತಿದ್ದ ದಾವಲಸಾಬ ನೇಕಾರರ ಪಾಲಿನ ಜೋಳಕ್ಕೆ ಮುಂದೆ ಬಂದ. ಬಗ್ಗಿ ಕೊಳಗದೊಳಗೆ ನೋಡಿದ. ಬಾಳವ್ವ ಹೋದ ದಾರಿಯನ್ನು ನೋಡುತ್ತ ನಿಂತ.

"ಚೆನ್ನಪ್ಪಾ," ಅಂದ, "ಆ ಮುದುಕಿ ಬಾಯೇ ಮುಚ್ಚಿತು. ನಾ ಹೆಂಗ ತಗೀಲಿ?"

ಚೆನ್ನವೀರ ಗುರುವಿನ ಕಡೆ ನೋಡಿದ. ಗುರು ಎದ್ದು ಬಂದು ಕೊಳಗ ತುಂಬಿ, ಚಾಪೆಯ ಮೇಲೆ ಒಂದು ರಾಶಿ ಸುರಿದರು. ಅಯ್ಯನನ್ನು ಮೆಲ್ಲಗೆ ಕಿತ್ತು, ಅರಗು ಕೆರೆದು ತೆಗೆದು, ಮತ್ತೆ ತುಂಬಿ ಪಕ್ಕದಲ್ಲೇ ಇನ್ನೊಂದು ರಾಶಿ ಸುರಿದರು. ವ್ಯತ್ಯಾಸ ಕುರುಡನಿಗೂ ತಿಳಿಯುವಂತಿತ್ತು.

"ಕಡಿಮಿ ಬಿದ್ದ ಕಾಳು ಯಾರು ತಿಂದ್ರೋ? ಅಯ್ಯ ತಿಂದನೇನು?"

ಮೋಸ ಮಾಡಿದವರು ಯಾರೂ ಇರಲಿಲ್ಲ, ಆದರೂ ಮೋಸ ನಡೆದುಹೋಗಿತ್ತು. ಕಾಳು ಕಡಿಮೆಯಾದದ್ದಕ್ಕಿಂತ ಬಾಳವ್ವ ಗಲ್ಲ ಬಡಿದುಕೊಂಡದ್ದು ಚೆನ್ನವೀರನನ್ನು ಹೆಚ್ಚು ಚುಚ್ಚಿತು. ನಾಚಿಕೆಯಿಂದ ಕಣ್ಣು ತುಂಬಿ ಬಂತು.

ಕಡಿಮೆ ಬಿದ್ದ ಜೋಳವನ್ನು ಹೊತ್ತು ಅವನು ಮನೆಮನೆಗೂ ಹೋದ. ಮೊದಲು ಹೋದದ್ದು ಬಾಳವ್ವನ ಮನೆಗೆ. ತಪ್ಪು ನಿನ್ನದಲ್ಲ, ನನ್ನದು ಎಂದು ಅವಳ ಕಾಲು ಮುಟ್ಟಿದ. ಅವಳು ಬೈಯಲಿಲ್ಲ. ಅಯ್ಯನನ್ನು ತಿರುಗಿ ಗದ್ದುಗೆಯ ಮೇಲೆ ಕೂರಿಸಿದೆಯೋ ಇಲ್ಲವೋ ಎಂದಷ್ಟೇ ಕೇಳಿದಳು.

ಅವನು ಮರಳಿದಾಗ ಗುರುವೂ ದಾವಲಸಾಬನೂ ಜೋಳದ ರಾಶಿಯ ಪಕ್ಕದಲ್ಲೇ ಕೂತು ಮಾತಾಡುತ್ತಿದ್ದರು. ಅಯ್ಯ ಗದ್ದುಗೆಯ ಮೇಲಿದ್ದ. ಚೆನ್ನವೀರ ನೆಟ್ಟಗೆ ನಿಂತ. ಒಂದು ದಡ ಬಿಟ್ಟವನು ಇನ್ನೊಂದು ದಡಕ್ಕೇ ಹಾರಿದ್ದ.

"ಅಪ್ಪಾರ, ಆ ಸಾಲು ಅಳಿಸಿಬಿಡ್ತೀನ್ರಿ. ಈ ನಾಡಿನಾಗ ಮಂದಿ ಮುಂದ ಯಾರೂ ಯಾವ ದೇವರ ಹೆಸರೂ ಎತ್ತಬಾರದು ಅಂತ ಬರೀತೀನಿ."

ದಾವಲಸಾಬ ತಲೆ ಎತ್ತಿ, ಇವನಿಗೇನಾಯಿತು ಎಂಬಂತೆ ನೋಡಿದ. ಗುರು ನಕ್ಕರು. ಖಾಲಿ ಕೊಳಗವನ್ನು ದಾವಲಸಾಬನ ಕೈಗಿತ್ತು, ನಿನ್ನ ಮಂದಿಯ ಜೋಳ ನೀನೇ ಅಳೆದುಕೋ ಎಂದರು.

ದಾವಲಸಾಬ ಅಂಗಿಯ ತೋಳು ಮಡಚಿದ. ಕೊಳಗ ತುಂಬಿ, ಮೇಲೆ ಕೈಯಾಡಿಸಿ ಸಮ ಮಾಡಿದ. ಕೊಳಗದ ಬಾಯಿ ಮೀರಿದ್ದ ಕಾಳನ್ನು ರಾಶಿಗೇ ತಳ್ಳಿದ.

"ಬಿಸ್ಮಿಲ್ಲಾ," ಎಂದು ಚೀಲಕ್ಕೆ ಸುರಿದ. ಮತ್ತೆ ತುಂಬಿದ. "ಎರಡು."

ಗುರು ಶಿಷ್ಯನ ಕಡೆ ತಿರುಗಿದರು. "ಮುಂಜಾನೆ ನೀ ಅಳದಾಗ ಮೊದಲನೇದಕ್ಕ ಏನಂದಿ?"

"ಹೊಳೆಯಯ್ಯಾ ಅಂದೆರಿ."

"ಎರಡನೇದಕ್ಕ?"

"ಎರಡು ಅಂದೆರಿ," ಎಂದು ಚೆನ್ನವೀರ ದಾವಲಸಾಬನ ಕೈಯ ಕೊಳಗದ ಕಡೆ ನೋಡಿದ. ದಾವಲಸಾಬ ಮೂರನೆಯದನ್ನು ಅಳೆಯುತ್ತಿದ್ದ. ಚೆನ್ನವೀರ ಮೆಲ್ಲಗೆ ಕೇಳಿದ:

"ಹಂಗಾದ್ರ ನಾಳೆ ಕಲ್ಲಿನ ಮ್ಯಾಲ ಮೊದಲನೇ ಸಾಲು ಏನಂತ ಬರೀಲ್ರಿ?"

ದಾವಲಸಾಬನ ಕೈ ಕೊಳಗದ ಮೇಲೆ ಹಾಗೇ ನಿಂತಿತು.

"ಮೊದಲನೇದು ಅವರವರ ಬಾಯಾಗ ಇರಲಿ," ಅಂದರು ಗುರು. "ನೀ ಎರಡರಿಂದ ಬರಿ."