ವಾಟೆ ಕಾಯುತ್ತಿದ್ದ ದೊರೆ

ಕೆಂಚರಸನ ಅರಮನೆಯಲ್ಲಿ ಮಾವಿನ ಹಣ್ಣು ತಿನ್ನುವುದೆಂದರೆ ಒಂದು ಶಿಕ್ಷೆ. ಹಣ್ಣೇನೋ ಅಮೃತ. ಆದರೆ ಅತಿಥಿ ಚೀಪಿ ಮುಗಿಸುವವರೆಗೂ ದೊರೆ ತಟ್ಟೆ ಹಿಡಿದು ಎದುರಿಗೇ ನಿಂತಿರುತ್ತಿದ್ದ. ಉಳಿದ ಗೊರಟನ್ನು, ಅದೇ ಆ ವಾಟೆಯನ್ನು, ಕಿತ್ತುಕೊಂಡು ಒಲೆಗೆ ಹಾಕಿಸಿದ ಮೇಲೆಯೇ ಅವನಿಗೆ ಸಮಾಧಾನ.

“ಇಂಥ ಮರ ಭೂಲೋಕದಲ್ಲಿ ಒಂದೇ, ಅದು ನನ್ನದು! ವಾಟೆ ಕದ್ದು ಬೆಳೆಸಿದವನ ಬಲಗೈ ಕತ್ತರಿಸುತ್ತೇನೆ,” ಎಂದು ಮೀಸೆ ತಿರುವುತ್ತಿದ್ದ.

ಆಸ್ಥಾನದ ಚತುರ ಓಬಣ್ಣಯ್ಯ ಒಮ್ಮೆ ಬಸುರಿ ಹೆಂಡತಿಗೆಂದು ಒಂದೇ ಒಂದು ಹಣ್ಣು ಬೇಡಿದ.

“ಮನೆಗೆ ಒಯ್ಯುವ ಹಾಗಿಲ್ಲ,” ಎಂದ ದೊರೆ.

ಬಸುರಿಯ ಬಯಕೆಗೂ ಇಲ್ಲ ಎಂದನಲ್ಲ, ಇವನ ಜಿಪುಣತನಕ್ಕೆ ಏನೆನ್ನೋಣ! ಓಬಣ್ಣಯ್ಯ ನಕ್ಕು ಮನೆಗೆ ಹೊರಟ. ಅವನು ಹಾಗೆ ನಕ್ಕನೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಲೆಕ್ಕ.

ಹೆಣ್ಣು ಮಗು ಹುಟ್ಟಿತು. ಓಬಣ್ಣಯ್ಯ ಮತ್ತೆ ಅರಮನೆಗೆ ಬಂದ.

“ಪ್ರಭು, ನಾಳೆ ಮಗಳ ನಾಮಕರಣ. ಕಲಶಕ್ಕಿಡಲು ನಿಮ್ಮ ಮರದ ನಾಲ್ಕು ಕುಡಿ ಕೈಯಾರೆ ಕೊಟ್ಟರೆ ಮಗುವಿಗೆ ಶ್ರೇಯಸ್ಸು.”

“ಹಣ್ಣಲ್ಲ ತಾನೆ?”

“ಛೆ ಛೆ, ಬರೀ ಸೊಪ್ಪು.”

ದೊರೆ ಉಬ್ಬಿಹೋದ. ತಾನೇ ಕುಡಿ ಕೊಯ್ದು ಕೊಟ್ಟ.

ಎಲೆ ಕಲಶಕ್ಕೆ ಹೋಯಿತು, ಕಡ್ಡಿ ಹಿತ್ತಲಿಗೆ ಹೋಯಿತು. ಅಲ್ಲಿದ್ದ ಕಾಡುಮಾವಿನ ಸಸಿಯನ್ನು ಸೀಳಿ, ಕಡ್ಡಿ ಸೇರಿಸಿ, ಬಾಳೆನಾರಿನಿಂದ ಬಿಗಿದು ಓಬಣ್ಣಯ್ಯ ಕಸಿ ಕಟ್ಟಿದ.

ಮಗಳು ಅಂಗಳದಲ್ಲಿ ಕುಂಟೆಬಿಲ್ಲೆ ಆಡುವ ಹೊತ್ತಿಗೆ ಗಿಡ ಹಣ್ಣು ಬಿಟ್ಟಿತು. ಮೊದಲ ಹಣ್ಣನ್ನು ಹೆಂಡತಿ ಬಾಗಿಲು ಹಾಕಿಕೊಂಡು, ಯಾರಿಗೂ ಕೊಡದೆ ತಿಂದಳು. ಉಳಿದವನ್ನು ಓಬಣ್ಣಯ್ಯ ಬುಟ್ಟಿಯಲ್ಲಿ ಅರಮನೆಗೆ ತಂದ.

ದೊರೆ ಒಂದು ಕಚ್ಚು ಕಚ್ಚಿದವನೇ ಎದ್ದು ನಿಂತ. “ನನ್ನ ಹಣ್ಣು! ವಾಟೆ ಕದ್ದೆಯಾ? ಚಾಚು ಬಲಗೈ!”

ಕಾವಲುಗಾರರು ಕತ್ತಿ ಹಿರಿದರು.

“ವಾಟೆ ಬಿತ್ತಿದ್ದರೆ ಹುಳಿ ಬರುತ್ತಿತ್ತೋ ನಾರು ಬರುತ್ತಿತ್ತೋ ಯಾರಿಗೆ ಗೊತ್ತು, ಪ್ರಭು? ಇದು ನೀವೇ ಕೊಟ್ಟ ಕುಡಿ. ಕಸಿ ಕಟ್ಟಿದೆ, ಅಷ್ಟೆ. ಕೈ ಕತ್ತರಿಸುವುದೇ ಆದರೆ, ಕೊಟ್ಟ ಕೈ ಯಾವುದು ನೋಡಿಕೊಳ್ಳಿ.”

ದೊರೆ ತನ್ನ ಬಲಗೈಯನ್ನು ಮೆಲ್ಲನೆ ಬೆನ್ನ ಹಿಂದೆ ಸರಿಸಿದ.

“ಹಾಗಾದರೆ ಆ ಮರವೂ ನನ್ನದೇ! ಇವತ್ತೇ ಕಾವಲು ಹಾಕಿಸುತ್ತೇನೆ.”

“ಧಾರಾಳವಾಗಿ ಹಾಕಿಸಿ. ಆದರೆ ದೊರೆ ಕೊಟ್ಟ ಕುಡಿ ಎಂದು ಊರಿನ ಮದುವೆ, ನಾಮಕರಣಕ್ಕೆಲ್ಲ ನಮ್ಮ ಹಿತ್ತಲಿಂದಲೇ ಕುಡಿ ಹೋಗಿದೆ. ಕಸಿ ಕಟ್ಟುವುದನ್ನೂ ನಾನೇ ಹೇಳಿಕೊಟ್ಟಿದ್ದೇನೆ.”

“ಅಯ್ಯೋ! ಮತ್ತೆ ಕಾವಲು ಎಲ್ಲಿಂದ ಶುರು ಮಾಡಲಿ?”

“ಈ ಕಾವಲುಗಾರರ ಹಿತ್ತಲಿಂದಲೇ ಮಾಡಿ, ಪ್ರಭು. ಅಲ್ಲಿ ಕಸಿ ಬಲು ಚೆನ್ನಾಗಿ ಹತ್ತಿದೆ.”

ಕಾವಲುಗಾರರು ಕತ್ತಿ ಇಳಿಸಿ ನೆಲ ನೋಡತೊಡಗಿದರು. ದೊರೆ ಅವರನ್ನೊಮ್ಮೆ, ಓಬಣ್ಣಯ್ಯನನ್ನೊಮ್ಮೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಮತ್ತೆ ಕುಳಿತು ಹಣ್ಣು ಚೀಪಿ ಮುಗಿಸಿ, ಜೀವಮಾನದಲ್ಲಿ ಮೊದಲ ಸಲ ವಾಟೆಯನ್ನು ಕಿಟಕಿಯಾಚೆ ಎಸೆದ.