ಮಡಕೆ ಮಾರುವವಳ ಮೆಟ್ಟು

“ಸರಿಯಾದ ಸಲಹೆ ಕೊಟ್ಟಮ್ಯಾಲೂ ವಿದ್ಯಾರ್ಥಿಗಳು ಯಾಕ ಓದು ಬಿಟ್ಟು ಹೋಗ್ತಾರ್ರೀ ಸರ್?”

ಕೇಳಿದವಳು ಕಸ್ತೂರಿ. ವಿಶ್ವವಿದ್ಯಾಲಯದ ವಿದ್ಯಾರ್ಥಿ ಕ್ಷೇಮ ವಿಭಾಗಕ್ಕೆ ಹೊಸದಾಗಿ ಸೇರಿದ್ದ ಆರು ಸಲಹೆಗಾರರಲ್ಲಿ ಅವಳೂ ಒಬ್ಬಳು. ಯಾವ ವಿಷಯ ಆರಿಸಿಕೊಳ್ಳಬೇಕು, ಓದಿನಲ್ಲಿ ಹಿಂದೆ ಬಿದ್ದರೆ ಹೇಗೆ ದಡ ಸೇರಬೇಕು ಎಂದು ವಿದ್ಯಾರ್ಥಿಗಳಿಗೆ ದಾರಿ ಹೇಳುವುದು ಅವರ ಕೆಲಸ. ಈ ಆರು ಜನರನ್ನು ತಿದ್ದಿ ತೀಡಲು ಮೌಲಾಸಾಬ ನದಾಫರನ್ನು ಕರೆಸಿದ್ದರು. ಅವರು ಇದೇ ವಿಭಾಗದಲ್ಲಿ ಮೂವತ್ತೊಂದು ವರ್ಷ ಸವೆಸಿ ನಿವೃತ್ತರಾದವರು.

ಮೌಲಾಸಾಬರು ಸುತ್ತ ಕಣ್ಣಾಡಿಸಿದರು. ಈ ತಣ್ಣನೆಯ ಸಭಾಂಗಣ ಅವರಿಗೆ ಒಗ್ಗಿರಲಿಲ್ಲ. ಒಬ್ಬ ವಿದ್ಯಾರ್ಥಿಗೆ ಹದಿನೈದು ನಿಮಿಷ ಎಂದು ಎದುರಿನ ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಮೂಡಿತ್ತು. ಅವರ ಕಾಲದಲ್ಲಿ ವಿಭಾಗವೆಂದರೆ ಗ್ರಂಥಾಲಯದ ಹಿಂದಿನ ಒಂದೇ ಕೋಣೆ. ಕುರ್ಚಿಯೂ ಒಂದೇ. ಬಂದವರನ್ನು ನಿಲ್ಲಿಸಿ ತಾವು ಕೂರಲು ನಾಚಿಕೆಯಾಗಿ, ಹೊಂಗೆ ಮರಗಳ ಸಾಲಿನಲ್ಲಿ ಬಸ್ ನಿಲ್ದಾಣದವರೆಗೂ ಜೊತೆಗೆ ನಡೆಯುತ್ತ ಮಾತಾಡುತ್ತಿದ್ದರು. ಬಸ್ಸು ಬಂದು ಹೋದರೂ ಎಷ್ಟೋ ಸಲ ಮಾತು ಮುಗಿಯುತ್ತಿರಲಿಲ್ಲ. ಆಮೇಲೆ ಕುರ್ಚಿಗಳು ಬಂದವು, ಎಲ್ಲರೂ ಕೂತರು, ನಡೆಯುವುದು ನಿಂತಿತು.

“ಯಾರವ್ವ ಆ ವಿದ್ಯಾರ್ಥಿ?” ಎಂದರು.

ಕಸ್ತೂರಿ ಹೇಳಿದಳು. ಹುಡುಗಿಯ ಹೆಸರು ನಾಗವೇಣಿ, ಬಿಎಸ್‌ಸಿ ಎರಡನೆಯ ವರ್ಷ. ಬೆಳಗಿನ ತರಗತಿಗಳಿಗೆ ಬರುವುದಿಲ್ಲ. ಕಸ್ತೂರಿ ಅವಳನ್ನು ಮೂರು ಸಲ ಕರೆಸಿ ಕೂರಿಸಿಕೊಂಡಿದ್ದಳು. ಅಂಕಪಟ್ಟಿ ನೋಡಿದ್ದಳು, ಪ್ರಯೋಗಾಲಯವನ್ನು ಮಧ್ಯಾಹ್ನದ ಗುಂಪಿಗೆ ಬದಲಿಸಿಕೊಟ್ಟಿದ್ದಳು, ಭಾರವಾದ ಒಂದು ವಿಷಯ ಬಿಡಿಸಿದ್ದಳು. ಎಲ್ಲದಕ್ಕೂ ಹುಡುಗಿ “ಆಯ್ತ್ರೀ ಮೇಡಂ” ಎಂದಿದ್ದಳು. ಇವತ್ತು ನೋಡಿದರೆ ಕಾಲೇಜು ಬಿಡುವ ಅರ್ಜಿ ಕೊಟ್ಟಿದ್ದಾಳೆ. ಐದು ಗಂಟೆಗೆ ಕಸ್ತೂರಿಯ ಸಹಿಗಾಗಿ ಬರುತ್ತಾಳೆ. ಸಹಿ ಬಿದ್ದರೆ ಅವಳ ಓದು ಅಲ್ಲಿಗೇ ಮುಗಿಯಿತು.

“ನಾ ಎಲ್ಲಿ ತಪ್ಪಿದೆ ಹೇಳ್ರಿ. ಪುಸ್ತಕದಾಗ ಇದ್ದಂಗ ಮಾಡೇನಿ,” ಎಂದಳು ಕಸ್ತೂರಿ. ಅವಳ ಕಣ್ಣಂಚು ಒದ್ದೆಯಾಗಿತ್ತು.

ಮೌಲಾಸಾಬರು ಕತೆ ಹೇಳಿದರು.

ಒಂದೂರಿನಲ್ಲಿ ಮೆಟ್ಟು ಹೊಲಿಯುವ ಮುದುಕನೊಬ್ಬನಿದ್ದ. ಅವನ ಬಳಿ ಹೊಸಬನೊಬ್ಬ ಕಸುಬು ಕಲಿತು, ತಾನೇ ಅಳತೆ ತೆಗೆಯುವ ಮಟ್ಟಕ್ಕೆ ಬಂದಿದ್ದ. ಅಳತೆಯಲ್ಲಿ ಅವನು ಬಲು ಖಡಕ್ಕು.

ಒಂದು ದಿನ ಮಡಕೆ ಮಾರುವ ಹೆಂಗಸೊಬ್ಬಳು ಬಂದಳು. ಅವಳು ಹತ್ತೂರು ತಿರುಗುವವಳು. ಹುಟ್ಟಿದಾಗಿನಿಂದ ಮೆಟ್ಟು ಕಂಡವಳಲ್ಲ. ಹೊಸಬ ಅವಳ ಕಾಲನ್ನು ತೊಗಲಿನ ಮೇಲೆ ಇರಿಸಿ ಸುತ್ತ ಗೆರೆ ಎಳೆದ. ಮೂರು ದಿನದಲ್ಲಿ ಮೆಟ್ಟು ಸಿದ್ಧವಾಯಿತು. ಅವಳು ಅಂಗಡಿಯೊಳಗೇ ನಾಲ್ಕು ಹೆಜ್ಜೆ ಹಾಕಿದಳು. ಹಿತವಾಗಿತ್ತು. ಅವನನ್ನು ಬಾಯಿ ತುಂಬ ಹರಸಿ ಹೋದಳು.

ವಾರ ಕಳೆದು ಮರಳಿ ಬಂದಳು. ಕಿರುಬೆರಳ ಬದಿಯಲ್ಲಿ ಗುಳ್ಳೆ ಎದ್ದಿತ್ತು. ಹೊಸಬ ಮತ್ತೆ ಅಳೆದ. ಗೆರೆಯ ಮೇಲೆ ಗೆರೆ ಕೂತಿತು. ಬಾರನ್ನು ತುಸು ಸಡಿಲಿಸಿ ಕಳಿಸಿದ. ಇನ್ನೊಂದು ವಾರಕ್ಕೆ ಗುಳ್ಳೆ ಹುಣ್ಣಾಗಿತ್ತು. ಅವನು ಮತ್ತೂ ಒಮ್ಮೆ ಅಳೆದ. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

“ಅಳತಿ ಸರಿ ಐತಿ. ನಿನ್ನ ಕಾಲೇ ಸೊಟ್ಟ,” ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಂತಾಯಿತು ಅವನ ಮಾತು.

ಅವಳು ವಾದಿಸಲಿಲ್ಲ. ಮೆಟ್ಟು ಕಳಚಿ ಕಟ್ಟೆಯ ಮೇಲೆ ಇಟ್ಟಳು. “ಇರಲಿ ಬಿಡಪ್ಪ. ನನಗ ಬರಿಗಾಲೇ ರೂಢಿ,” ಎಂದು ಹೊರಟಳು.

ಹೊಸಬ ಆ ಜೋಡನ್ನು ಮೊಳೆಗೆ ತೂಗುಹಾಕಿ ಬೇರೆ ಕೆಲಸಕ್ಕೆ ಕೈ ಹಾಕಿದ. ಒಳಗಿದ್ದ ಮುದುಕ ಎದ್ದು ಬಂದು ಅವನ ರಟ್ಟೆ ಹಿಡಿದು ಬಾಗಿಲಿಗೆ ಕರೆತಂದ. ತಾನು ಆ ವಯಸ್ಸಿನಲ್ಲಿ ಹಾಗೇ ಮೊಳೆಗೆ ತೂಗುಹಾಕಿದ್ದ ಜೋಡುಗಳು ಮುದುಕನಿಗೆ ನೆನಪಾಗಿದ್ದವು.

ಹೆಂಗಸು ಬೀದಿಯಾಚೆಯ ಬೇವಿನ ಮರದ ಕೆಳಗೆ ಹೋದಳು. ಅಲ್ಲಿ ಬುಟ್ಟಿ ತುಂಬ ಮಡಕೆಗಳಿದ್ದವು. ಮಾರಲು ಹೋದ ಮನೆಗೆ ಹೊರೆ ಹೊತ್ತು ಹೋಗಬಹುದು, ಏನಾದರೂ ಕೇಳಿಕೊಳ್ಳಲು ಹೋದಲ್ಲಿಗೆ ಒಯ್ಯಬಾರದು ಎಂಬುದು ಅವಳ ಮರ್ಯಾದೆ. ಬಂದಾಗಲೆಲ್ಲ ಅಲ್ಲೇ ಇಳಿಸಿ ಬರುತ್ತಿದ್ದಳು. ಈಗ ಕುಕ್ಕರಗಾಲಲ್ಲಿ ಕೂತು ಬುಟ್ಟಿಯನ್ನು ತಲೆಗೇರಿಸಿಕೊಂಡು, ಎದ್ದು ನಡೆದಳು.

ಮುದುಕ ಧೂಳಿನಲ್ಲಿ ಮೂಡಿದ ಹೆಜ್ಜೆಯ ಪಕ್ಕ ಕೂತ. ಹೊಸಬ ಗೆರೆ ಎಳೆದಿದ್ದ ತೊಗಲನ್ನು ತರಿಸಿ ಹೆಜ್ಜೆಯ ಮೇಲೆ ಇಟ್ಟ. ಕಿರುಬೆರಳ ಬದಿಯಲ್ಲಿ ಹೆಜ್ಜೆ ಒಂದು ಬೆರಳಿನಷ್ಟು ಹೊರಗುಳಿಯಿತು. ಹೊರೆ ಏರಿದರೆ ಕಾಲು ಅಗಲವಾಗುತ್ತದೆ. ಹೊಸಬ ತಲೆಯೆತ್ತಿ ನೋಡುವಷ್ಟರಲ್ಲಿ ಅವಳು ಬೀದಿಯ ತಿರುವು ದಾಟಿದ್ದಳು. ಮತ್ತೆ ಆ ಊರಿಗೆ ಬರಲಿಲ್ಲ.

ಮೌಲಾಸಾಬರು ಕತೆ ಮುಗಿಸಿದರು. ತಾವು ಸಹಿ ಹಾಕಿ ಕಳಿಸಿದ ಕೆಲವರು ಅವರ ಕಣ್ಣ ಮುಂದೆ ಬಂದು ನಿಂತಿದ್ದರು. ನೀಲಿ ಲಂಗದ ಒಬ್ಬಳು “ಹೋಗಿ ಬರ್ತೀನ್ರೀ ಸರ್” ಎಂದು ಕೈ ಮುಗಿದು ಹೋಗಿದ್ದಳು. ಇಪ್ಪತ್ತಾರು ವರ್ಷವಾಯಿತು, ಅವಳು ಬರಲಿಲ್ಲ.

ಕಸ್ತೂರಿಗೆ ಹೊಸಬನ ಮೇಲೆ ಕನಿಕರ ಬಂದಿತ್ತು. “ಅದರಾಗ ಅವನ ತಪ್ಪೇನ್ರೀ? ಮೂರು ಸಲ ಬಂದು ಅಳತಿ ಕೊಟ್ಲು. ತಲಿ ಮ್ಯಾಲೆ ಹೊರಿ ಹೊರ್ತೀನಿ ಅಂತ ಆಕಿ ಒಂದು ಸಲನಾದ್ರೂ ಬಾಯಿ ಬಿಟ್ಟು ಹೇಳಬೇಕಿತ್ತಲ್ಲ?”

ಮೌಲಾಸಾಬರು ಗೋಡೆಯ ಗಡಿಯಾರ ನೋಡಿದರು. ನಾಲ್ಕೂವರೆ ಆಗಿತ್ತು.

“ನಾಗವೇಣಿನೂ ಮೂರು ಸಲ ಬಂದಾಳ, ಆಕಿ ಬುಟ್ಟಿ ಯಾವ ಮರದ ಬುಡಕ ಐತಿ, ಕೇಳೀಯೇನವ್ವ?”

ಕಸ್ತೂರಿ ಕುರ್ಚಿಯಿಂದ ಎದ್ದು ನಾಗವೇಣಿಯನ್ನು ಹುಡುಕಿಕೊಂಡು ಹೊರಟಳು.